ಬೇಸ್‌ಮೆಂಟಿನ ಫ್ಯಾನ್

ಖರಾಡಿ, ಪುಣೆ
18 ಮೇ 2025

ಪ್ರೀತಿಯ ಮಗಳು ಭಾಗ್ಯಾಗ ನಿಮ್ಮಪ್ಪ ಮಾಡುವ ಆಶೀರ್ವಾದ.

ಅವ್ವನ ಮೊಣಕಾಲು ಬ್ಯಾನಿ ಹೆಂಗದ? ನರ್ಸಿಂಗ್ ಓದೂ ಮಗಳು ಮನ್ಯಾಗಿದ್ದೂ ಆಕಿ ಗುಳಿಗಿ ತಪ್ಪಸ್ತಾಳಂದ್ರ ಏನನ್ನಬೇಕು! ನಾನು ಆರಾಮ ಇದ್ದೀನಿ. ಫೋನ್‌ನಾಗ ಹೇಳಿದ್ರ ನಾಳಿ ಯಾರೂ ನಂಬಂಗಿಲ್ಲ, ಅದಕ್ಕ ಬರೀಲಿಕತ್ತೀನಿ.

ನಮ್ಮ ಆಫೀಸ್ ಬಿಲ್ಡಿಂಗ್ ವರ್ಷಕ್ಕ ಎಷ್ಟು ಕರೆಂಟ್ ತಿಂತದ ಅಂತ ಅಳದು, ಕಮ್ಮಿ ತಿಂದ್ರ ಸ್ಟಾರ್ ಹಚ್ಚಿ ಸರ್ಟಿಫಿಕೇಟ್ ಕೊಡ್ತಾರ. ಅದಕ್ಕಂತ ಮ್ಯಾನೇಜರ್ ಕಿಶೋರ ಸಾಹೇಬ್ರು ಬೇಸ್‌ಮೆಂಟಿನ ಹೊಗಿ ಎಳಿಯೂ ಫ್ಯಾನ್ ಬಂದ್ ಮಾಡಿಸಿದ್ರು. ಸ್ವಿಚ್ ತಗದಾಂವ ನಾನೇ. "ಜನರೇಟರ್ ಅಲ್ಲೇ ಅದ ರೀ" ಅಂದೆ. "ಕಾರು ನಿಲ್ಲಸೂ ಜಾಗಾ, ಅಲ್ಲಿ ಯಾರು ಸಂಸಾರ ಮಾಡ್ತಾರ?" ಅಂದ್ರು. ಕಸಾ ಹೊಡಿಯೂ ಶರಣಮ್ಮ ದಿನಾ ಅಲ್ಲೇ ಬುತ್ತಿ ಬಿಚ್ಚತಾಳ, ಪಾಪ, ಮ್ಯಾಲೆ ಆಕಿಗೆ ಕುಂದ್ರಾಕ ಜಾಗಾ ಇಲ್ಲ. ಸರ್ಟಿಫಿಕೇಟ್ ಕೊಡೂ ಕಡಿಂದ ತಪಾಸಣಿಗೆ ಪೂರ್ವಾ ಬಾಯಿ ಬಂದ ದಿನ ಮಾತ್ರ ಫ್ಯಾನ್ ಹಾಕಿದ್ವಿ. ಧಾರವಾಡದವರು, ನನ್ನ ಹೆಸರು ಕೇಳಿ ಕನ್ನಡದಾಗ, "ಈ ಫ್ಯಾನ್ ದಿನಾ ನಡೀತದೇನ್ರಿ?" ಅಂದ್ರು. ಸಾಹೇಬ್ರು ಹಿಂದೇ ನಿಂತಿದ್ರು. "ಹೌದ್ರಿ" ಅಂದೆ. ಬಾಯಿ ನನ್ನ ಮುಖಾನೇ ನೋಡಿ ಬರಕೊಂಡ್ರು.

ಮೊನ್ನೆ ಗುರುವಾರ ಕರೆಂಟ್ ಹೋಗಿ ಮಧ್ಯಾಹ್ನ ಮೂರು ತಾಸು ಜನರೇಟರ್ ನಡೀತು. ಶರಣಮ್ಮ ಮ್ಯಾಲೆ ಬರಲಿಲ್ಲಂತ ಕೆಳಗ ಹೋದೆ. ಗ್ವಾಡಿಗೆ ಒರಗಿದ್ದಳು, ರೊಟ್ಟಿ ಕೈಯಾಗೇ ಇತ್ತು. ಹೊತಗೊಂಡು ಹೊರಗ ಬರೂದ್ರಾಗ ಹೊಗಿಗೆ ನನಗೂ ಕಣ್ಣಿಗೆ ಕತ್ತಲಿ ಬಂತು. ಆಕಿ ಜೀವ ಉಳದದ. ನಿನ್ನೆ ದವಾಖಾನಿಗೆ ಹೋಗಿ, "ನಾ ಶಂಕ್ರೆಪ್ಪ" ಅಂದೆ. "ಯಾವ ಶಂಕ್ರೆಪ್ಪ?" ಅಂದಳು. ಹೊಗಿಗೆ ನೆನಪು ಹೋಗ್ಯದಂತ. ಹೊರಗ ಬಂದು ಭಾಳ ಅತ್ತೆ, ಮಗಳ.

ಬಿಸಿಲಿಗೆ ತಲಿ ತಿರುಗಿ ಬಿದ್ದಳಂತ ಸಾಹೇಬ್ರು ಎಲ್ಲಾರಿಗೂ ಹೇಳ್ಯಾರ. ಫ್ಯಾನ್ ಇನ್ನೂ ಬಂದ್ ಅದ. ನಿನ್ನೆ ಸಂಜಿಕ ಒಂದು ಇಂಗ್ಲಿಷ್ ಕಾಗದಕ್ಕ ನನ್ನ ಸಹಿ ಕೇಳಿದ್ರು. ವಾಚ್‌ಮನ್ ಕಡೆ ಓದಿಸಿದೆ. ಫ್ಯಾನ್ ನಾನೇ ಯಾರನ್ನೂ ಕೇಳದ ಬಂದ್ ಮಾಡೀನಂತ ಇತ್ತು. ಸಹಿ ಮಾಡಂಗಿಲ್ಲ ಅಂದೆ. ನಕ್ಕು, "ವಿಚಾರ ಮಾಡು, ಅವಸರ ಇಲ್ಲ" ಅಂದ್ರು. ಬೈದಿದ್ರ ಚಲೋ ಇತ್ತು.

ಅವ್ವಗ ಇದನ್ನ ಓದಿ ಹೇಳಬ್ಯಾಡ, ಅಪ್ಪ ಕೇಳ್ಯಾನ ಅಂತಷ್ಟೇ ಹೇಳು. ನೀ ಮನಸಿಟ್ಟು ಓದು.

ನಿಮ್ಮಪ್ಪ,
ಶಂಕ್ರೆಪ್ಪ

ತಾ.ಕ.: ಈಗ ಆಫೀಸಿಂದ ಫೋನ್ ಬಂತು. ನಾಳಿಂದ ನನ್ನ ಡ್ಯೂಟಿ ಕೆಳಗ, ಜನರೇಟರ್ ಖೋಲ್ಯಾಗ, ಒಬ್ಬನೇ. ಫ್ಯಾನಿನ ಸ್ವಿಚ್ಚಿನ ಪೆಟ್ಟಿಗಿಗೆ ಕೀಲಿ ಹಾಕ್ಯಾರಂತ. ಮುಂಜಾನೆ ಮೊದಲು ಪೂರ್ವಾ ಬಾಯಿ ಹತ್ರ ಹೋಗಿ ಖರೇ ಹೇಳಿ ಬರ್ತೀನಿ, ಆಮ್ಯಾಲೆ ಕೆಲಸಕ್ಕ. ತಪಾಸಣಿ ದಿನ ಅವರು ಕೊಟ್ಟ ವಿಳಾಸದ ಕಾರ್ಡ್ ಇದರಾಗ ಇಟ್ಟೀನಿ. ಈ ಕಾಗದ ನಿನಗ ಮುಟ್ಟೂದ್ರಾಗ ನನ್ನ ಫೋನ್ ಬಂದಿರಲಿಲ್ಲ ಅಂದ್ರ, ಇದನ್ನ ತಗೊಂಡು ನೀನೇ ಅವರ ಹತ್ರ ಬಾ.