ಜಾಮೀನು ಎಂದರೆ ಹೊಲವಲ್ಲವಂತೆ

ಬೆಟಗೇರಿ
ಇಸವಿ ೨೧೬೩, ಹದಿಮೂರನೆಯ ತಿಂಗಳು, ನಲವತ್ತನೆಯ ತಾರೀಖು

ವಕೀಲರಾದ ಚೆನ್ನವ್ವಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ದ್ಯಾಮವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ವಿಚಾರಣೆಗಳು ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ ಸರಕಾರ ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿತು. ಅದನ್ನು ಕಾಯುವ ಮಾಸ ಎನ್ನುತ್ತೇವೆ. ಅದಕ್ಕೆ ಎಷ್ಟು ದಿನವೆಂದು ಯಾರೂ ಹೇಳಿಲ್ಲ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಒಂದು ಮಾತು ನಮಗೆ ತಿಳಿಯದೆ ಆದ ಅನಾಹುತವನ್ನು ಹೇಳಲಿಕ್ಕೆಂದೇ ಈ ಕಾಗದ ಬರೆಯುತ್ತಿದ್ದೇನೆ.

ನನ್ನ ತಮ್ಮ ಫಕೀರೇಶನನ್ನು ಹಿಡಿದುಕೊಂಡು ಹೋಗಿ ಏಳು ತಿಂಗಳಾಯಿತು. ನಳ ರಿಪೇರಿ ಮಾಡುವವನು, ಬಾಯಿ ಸ್ವಲ್ಪ ಜೋರು, ಅಷ್ಟೇ. ನಮ್ಮ ಓಣಿಗೆ ಹನ್ನೊಂದು ದಿನ ನೀರು ಬರದಿದ್ದಾಗ ನೀರಿನ ಕಚೇರಿಯ ಮುಂದೆ ನಿಂತು "ಯಾಕ್ರೀ ಬಿಟ್ಟಿಲ್ಲ?" ಎಂದು ಕೇಳಿದ. ಒಬ್ಬನೇ ಕೇಳಿದ್ದರೆ ಏನೂ ಆಗುತ್ತಿರಲಿಲ್ಲ. ಹಿಂದೆ ನಿಂತಿದ್ದ ನಾಲ್ವರೂ "ಹೌದ್ರೀ, ಯಾಕ?" ಅಂದುಬಿಟ್ಟರು. ಐದು ಜನ ಸೇರಿ ಒಂದೇ ಪ್ರಶ್ನೆ ಕೇಳಿದರೆ ಅದು ಕೂಡುಪ್ರಶ್ನೆ ಎಂಬ ಅಪರಾಧ. ನಮ್ಮ ಅಜ್ಜಿಯ ಕಾಲದಲ್ಲಿ ಅದಕ್ಕೆ ಬೈದು ಕಳಿಸುತ್ತಿದ್ದರಂತೆ. ಅವ್ವನ ಕಾಲಕ್ಕೆ ಒಂದು ವರ್ಷ ಸಜೆ ಬಂತು, ಈಗ ಹದಿನಾಲ್ಕು ವರ್ಷ. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ನೋಡುವ ಮೊದಲೇ ಒಳಗೆ ಹಾಕುತ್ತಾರೆ, ಅದಕ್ಕೆ ಮುಂಗಾವಲು ಎಂದು ಹೆಸರು. ಆ ದಿನಗಳನ್ನು ಶಿಕ್ಷೆಯಿಂದ ಕಳೆಯುವುದಿಲ್ಲ, ಯಾಕೆಂದರೆ ಅದು ಶಿಕ್ಷೆಯೇ ಅಲ್ಲವಂತೆ.

ಸಂವಿಧಾನ ಎಲ್ಲಿ ಹೋಯಿತು ಎಂದು ಕೇಳುತ್ತೀರಿ, ಗೊತ್ತು. ಎಲ್ಲಿಯೂ ಹೋಗಿಲ್ಲ ಅಜ್ಜಿ, ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿದೆ. ವರ್ಷಕ್ಕೊಮ್ಮೆ ಹೂ ಏರಿಸಿ ಎಲ್ಲರೂ ನಿಂತು ಓದುತ್ತೇವೆ. ಮಾತಾಡುವ ಹಕ್ಕು, ಸೇರುವ ಹಕ್ಕು, ಎಲ್ಲವೂ ಅದರಲ್ಲಿವೆ. ಕಳೆದ ವರ್ಷ ಗಟ್ಟಿಯಾಗಿ ಓದಿದವನು ನಮ್ಮ ಫಕೀರೇಶನೇ, ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿಯನ್ನೂ ಕೊಟ್ಟರು. ಓದಿದ್ದಕ್ಕೆ ಬಹುಮಾನ, ಓದಿದಂತೆ ನಡೆದರೆ ಹದಿನಾಲ್ಕು ವರ್ಷ! ಇದು ಯಾವ ಲೆಕ್ಕವೋ ನನ್ನ ತಲೆಗೆ ಹೋಗುವುದಿಲ್ಲ.

ದಾರಿ ಕಾಣದೆ ಅವ್ವ ನಿಮ್ಮ ಟ್ರಂಕು ತೆಗೆದಳು. ಕರಿ ಕೋಟಿನ ಜೇಬಿನಲ್ಲಿ ನಿಮ್ಮ ಕೈಬರಹದ ಒಂದು ಚೀಟಿ ಸಿಕ್ಕಿತು: "ಜಾಮೀನು ಕೊಟ್ಟರೆ ಹುಡುಗ ಸಂಜೆಯೊಳಗೆ ಮನೆಗೆ. ಕೊಡದಿರಲು ಕಾರಣವೇ ಇಲ್ಲ." ನಾನು ಸೀರೆಯ ಅಂಚು ಪರೀಕ್ಷೆ ಮಾಡುವವಳು, ಒಂದು ಎಳೆ ತಪ್ಪಿದರೂ ಕಣ್ಣಿಗೆ ಬೀಳುತ್ತದೆ. ಆದರೆ ಅಂದು ಒಂದು ದೀರ್ಘ ಕಣ್ಣಿಗೆ ಬೀಳಲಿಲ್ಲ. ಜಾಮೀನು ಎಂಬ ಪದವನ್ನೇ ಕೇಳಿರದ ನಾವಿಬ್ಬರೂ ಅದನ್ನು ಜಮೀನು ಎಂದು ಓದಿದೆವು. ಅವ್ವ ಅತ್ತು ನಕ್ಕು, "ನೋಡಬೇ, ಹೊಲಾ ಕೊಟ್ರ ಹುಡುಗನ್ನ ಬಿಡ್ತಾರಂತ! ಕೊಡದ ಇರಾಕ ಕಾರಣರೆ ಏನೈತಿ?" ಎಂದಳು.

ಹನ್ನೆರಡು ಗುಂಟೆ ಎರೆ ಹೊಲ ನಮ್ಮದು. ಅದರ ಕಾಗದಪತ್ರ, ಗುರುತಿಗೆ ಅಲ್ಲಿನದೇ ಒಂದು ಬೋಗುಣಿ ಮಣ್ಣು ತೆಗೆದುಕೊಂಡು, ನಿಮ್ಮ ಕಾಲದ ಕೋರ್ಟಿನ ಬದಲು ಈಗಿರುವ ನ್ಯಾಯದ ಕಿಟಕಿಗೆ ಹೋದೆವು. ಒಳಗಿದ್ದವರು ಮಣ್ಣು ನೋಡಿದರು, ನಮ್ಮನ್ನು ನೋಡಿದರು, ಚೀಟಿಯನ್ನು ಮೂರು ಸಲ ಓದಿದರು. ಅವರಿಗೂ ಆ ಪದ ಗೊತ್ತಿರಲಿಲ್ಲ ಅಜ್ಜಿ, ಅವರೂ ಜಮೀನು ಎಂದೇ ಓದಿದರು. ಆಮೇಲೆ ಪುಸ್ತಕ ತೆಗೆದು ನೋಡಿ, ನ್ಯಾಯಕ್ಕೆ ಆಮಿಷ ಒಡ್ಡಿದ್ದು, ಒಂಬತ್ತು ವರ್ಷ, ಎಂದರು. ಹೊಲದ ಕಾಗದದಲ್ಲಿದ್ದ ಹೆಸರು ಅವ್ವನದು. ಬೋಗುಣಿಯನ್ನು ನನ್ನ ಕೈಗೆ ಕೊಟ್ಟು ಅವ್ವನನ್ನು ಒಳಗೆ ಕರೆದುಕೊಂಡರು. ಕಿಟಕಿ ಮುಚ್ಚುವವರೆಗೂ ನಾನು ಅಲ್ಲೇ ನಿಂತಿದ್ದೆ.

ನಿನ್ನೆ ನಮ್ಮ ಓಣಿಯ ಹುಚ್ಚೀರಪ್ಪಜ್ಜ ಬಂದಿದ್ದರು. ತೊಂಬತ್ತು ದಾಟಿದವರು, ಅವರ ಮುತ್ತಜ್ಜ ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದಲ್ಲಿದ್ದರಂತೆ. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಅಯ್ಯ ನಿಮ್ಮ, ಜಮೀನಲ್ಲ ಯವ್ವಾ, ಜಾ-ಮೀನು. ದೀರ್ಘ ಐತಿ ನೋಡು" ಎಂದು ಹಣೆ ಬಡಿದುಕೊಂಡರು. ನಿಘಂಟು ತೆಗೆದು ನೋಡಿದೆ. ಜಾಮಾತೃ ಇದೆ, ಅಂದರೆ ಅಳಿಯ. ಅದರ ಕೆಳಗೆ ನೇರವಾಗಿ ಜಾಮೂನು. ನಡುವೆ ಏನೂ ಇಲ್ಲ. ಅಜ್ಜ ಹೇಳುವಂತೆ, ಸರಕಾರದವರು ಮೊದಲು ಒಂದು ಅಪರಾಧಕ್ಕೆ ಜಾಮೀನಿಲ್ಲ ಎಂದರಂತೆ. ಅದು ಬಹಳ ಕೆಟ್ಟ ಅಪರಾಧ, ಹಾಗಾಗಿ ಎಲ್ಲರೂ ಹೌದು ಹೌದು ಎಂದರು. ಆಮೇಲೆ ಇನ್ನೊಂದಕ್ಕೆ, ಮತ್ತೊಂದಕ್ಕೆ. ಕೊನೆಗೆ ಯಾವುದಕ್ಕೂ ಬೇಕಾಗದ ಪದವನ್ನು ಇಟ್ಟುಕೊಂಡು ಏನು ಮಾಡುವುದೆಂದು ನಿಘಂಟಿನವರೂ ಬಿಟ್ಟುಬಿಟ್ಟರು.

ಅದರ ಅರ್ಥವೇನು ಎಂದರೆ ಅಜ್ಜನಿಗೂ ಸರಿಯಾಗಿ ಗೊತ್ತಿಲ್ಲ. "ಯಾರರೆ ಒಬ್ರು ಎದ್ದ ನಿಂತು, ಇವ ನಮ್ಮಾವ, ಕರದಾಗ ಬರತಾನ ಅಂದ್ರ ಸಾಕಂತ, ಬಿಡ್ತಿದ್ರಂತ" ಎಂದರು. ನನಗೆ ನಂಬಿಕೆ ಬರಲಿಲ್ಲ. ಒಬ್ಬರ ಮಾತಿಗೆ ಬೀಗ ತೆರೆಯುವುದು ಎಂದರೇನು? ಅಜ್ಜ ಕಥೆ ಕಟ್ಟುತ್ತಿದ್ದಾರೋ, ಅಥವಾ ನೀವು ನಿಜವಾಗಿಯೂ ಅಂಥ ಕಾಲದಲ್ಲಿ ಬದುಕಿದ್ದಿರೋ?

ನಾಳೆ ಬೆಳಿಗ್ಗೆ ನಾನು ಆ ಕಿಟಕಿಗೆ ಮತ್ತೆ ಹೋಗುತ್ತೇನೆ. ಓಣಿಯ ಬೇರೆ ನಾಲ್ವರು ಜೊತೆಗೆ ಬರುತ್ತೇವೆ ಎಂದರು. ಬೇಡವೆಂದೆ, ಐದಾಗಿಬಿಡುತ್ತದೆ. ಅವ್ವ ನಮ್ಮವಳು, ಫಕೀರೇಶ ನಮ್ಮವನು, ಕರೆದಾಗ ಬರುತ್ತಾರೆ ಎಂದು ಹೇಳಬೇಕು. ಅಷ್ಟೇನಾ? ಕೈ ಎತ್ತಿ ಹೇಳಬೇಕೋ, ಬರೆದು ಕೊಡಬೇಕೋ? ಈ ಸಲವೂ ನಾನು ತಪ್ಪಿದರೆ ಇಬ್ಬರಿಗೂ ಬುತ್ತಿ ಒಯ್ಯುವವರೇ ಇರುವುದಿಲ್ಲ.

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ತಿಳಿಯದು, ನಿಮ್ಮ ಕೋಟಿನ ಜೇಬಿನಲ್ಲೇ ಇಡುತ್ತೇನೆ. ಮುಟ್ಟಿದರೆ, ಆ ಪದ ಇನ್ನೂ ನಿಮ್ಮ ಬಾಯಲ್ಲಿರುವಾಗಲೇ ಅದರ ಅರ್ಥವನ್ನೂ ಕೇಳುವ ರೀತಿಯನ್ನೂ ದೊಡ್ಡ ಅಕ್ಷರದಲ್ಲಿ, ದೀರ್ಘ ಎದ್ದು ಕಾಣುವಂತೆ ಬರೆದು ಟ್ರಂಕಿನಲ್ಲಿ ಹಾಕಿಡಿ. ನೀವು ಇವತ್ತು ಇಟ್ಟರೆ ನನಗೆ ಈಗಾಗಲೇ ಸಿಗಬೇಕು. ಬೆಳಗಿನಿಂದ ನಾಲ್ಕು ಸಲ ತೆಗೆದು ನೋಡಿದ್ದೇನೆ. ನಾಳೆ ಹೊರಡುವ ಮುಂಚೆ ಇನ್ನೊಮ್ಮೆ ನೋಡುತ್ತೇನೆ ಅಜ್ಜಿ.

ನಿಮ್ಮ
ದ್ಯಾಮವ್ವ