ಮೂವತ್ತೊಂದನೇ ದಿನ

ಸಾಂತಾ ಫೆ, ಬಂತಾಯನ್ ದ್ವೀಪ
ಮೇ 11, ಸೋಮವಾರ

ನನ್ನ ಮುದ್ದು ತೆರೆಸಿಟಾ,

ಹೇಗಿದ್ದೀಯೇ? ಮಂಡಿನೋವು ಇಳಿಯಿತೇ? ನಿನ್ನ ಯಜಮಾನತಿಯ ಹನ್ನೆರಡನೇ ಮಹಡಿಯ ಕಿಟಕಿಯನ್ನು ಹೊರಗೆ ಬಗ್ಗಿ ಒರೆಸಬೇಡ ಎಂದು ಎಷ್ಟು ಸಲ ಹೇಳಿದ್ದೇನೆ, ಕೇಳಿದೆಯೋ ಇಲ್ಲವೋ. ಗಾಜು ಕೊಳೆಯಾದರೆ ಹಾಂಗ್‌ಕಾಂಗ್ ಏನೂ ಮುಳುಗಿಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಕಣ್ಣು ಸ್ವಲ್ಪ ಮಬ್ಬು, ಕಿವಿ ಮಾತ್ರ ಬೇಕಾದ್ದಕ್ಕಿಂತ ಚುರುಕು. ಫೋನಿದ್ದೂ ಕಾಗದ ಯಾಕೆ ಎನ್ನಬೇಡ. ಈ ಮನೆಯಲ್ಲಿ ನಾನು ಫೋನು ಹಿಡಿದರೆ ನಾಲ್ಕು ತಲೆ ಪಕ್ಕಕ್ಕೆ ಬರುತ್ತವೆ. ಪಕ್ಕದ ಮನೆ ಕುಲಾಸನ ಮಗಳು ನಾಡಿದ್ದು ಅಲ್ಲಿಗೆ ವಾಪಸ್ ಹೊರಟಿದ್ದಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಿನ್ನ ಅಣ್ಣ ಫೆಲಿಮೋನ್ ರಿಯಾದಿನ ಕೆಲಸ ಪೂರ್ತಿ ಬಿಟ್ಟು ಬಂದು ಏಳು ವಾರವಾಯಿತು. ಬಂದ ದಿನ ನಿನ್ನ ಅತ್ತಿಗೆ ಎಡ್ನಾ ಏನು ಮಾಡಿದಳು ಅಂತೀಯಾ? ಗಾಜಿನ ಬೀರುವಿನಿಂದ ನೆಂಟರ ತಟ್ಟೆಗಳನ್ನು ತೆಗೆದಳು. ಬೆತ್ತದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದಳು. ಮೀನಿನ ಹೊಟ್ಟೆಯ ಕೊಬ್ಬಿನ ತುಂಡು ಗಂಡನಿಗೆ, ಹೊಸ ಟವೆಲ್ ಗಂಡನಿಗೆ. ಅವಳದು ತಪ್ಪೆಂದು ಹೇಗೆ ಹೇಳಲಿ? ಹತ್ತೊಂಬತ್ತು ವರ್ಷ ನಾವೆಲ್ಲ ಅದನ್ನೇ ತಾನೇ ಮಾಡಿದ್ದು! ಎರಡು ವರ್ಷಕ್ಕೊಮ್ಮೆ ಮೂವತ್ತು ದಿನ ಬರುತ್ತಿದ್ದ. ಆ ಮೂವತ್ತು ದಿನ ಮನೆಯಲ್ಲಿ ಹಬ್ಬ, ಹಂದಿ ಹುರಿದದ್ದೇ ಹುರಿದದ್ದು, ಅವನು ಒಂದು ಚಮಚ ಎತ್ತಿಡುವಂತಿರಲಿಲ್ಲ. ಅವನನ್ನು ತಿಂಗಳ ಮಟ್ಟಿಗೆ ಇಟ್ಟುಕೊಳ್ಳುವುದು ನಮಗೆ ಚೆನ್ನಾಗಿ ಬರುತ್ತಿತ್ತು. ಆಮೇಲಿನದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೂವತ್ತೊಂದನೇ ದಿನ ಬೆಳಿಗ್ಗೆ, ಆಣೆ ಮಾಡಿ ಹೇಳುತ್ತೇನೆ, ಅವನು ಎದ್ದು ಪೆಟ್ಟಿಗೆಯ ಕಡೆ ನೋಡಿದ. ನಾವೂ ನೋಡಿದೆವು. ಅಷ್ಟರಲ್ಲಿ ಬೇಲಿಯಾಚೆಯಿಂದ ಆ ಕುಲಾಸ, "ಏನಪ್ಪಾ, ಇನ್ನೂ ಇಲ್ಲೇ ಇದ್ದೀಯಾ? ಯಾವತ್ತು ಹೊರಡೋದು?" ಎಂದು ಕೂಗಿದ. ಅವನ ನಾಲಿಗೆಗೆ ಬೆಂಕಿ ಬೀಳ! ಕುಹಕದಿಂದ ಕೇಳಿದ್ದಲ್ಲ, ಪಾಪ, ಪ್ರತಿ ಸಲವೂ ಕೇಳುವ ಮಾತು. ಆದರೆ ನಿನ್ನ ಅಣ್ಣನ ಮುಖ ಸಪ್ಪಗಾಯಿತು.

ಅದೇ ವಾರ ನಮ್ಮ ಕೈಪಂಪು ಕೆಟ್ಟಿತು. ಗಂಡನಿಗೆ ತೊಂದರೆ ಕೊಡಬಾರದೆಂದು ಎಡ್ನಾ ಮೆಲ್ಲಗೆ ಹೋಗಿ ಕುಲಾಸನನ್ನೇ ಕರೆತಂದಳು. ಹತ್ತೊಂಬತ್ತು ವರ್ಷ ಅರಬರ ಮನೆಗಳಿಗೆಲ್ಲ ಪೈಪು ಜೋಡಿಸಿದ ಕೈ ಅದು, ತನ್ನ ಮನೆಯ ಪಂಪನ್ನು ಇನ್ನೊಬ್ಬ ಬಿಚ್ಚುವುದನ್ನು ಕುರ್ಚಿಯಲ್ಲಿ ಕೂತು ನೋಡಿತು. ಎಡ್ನಾ ಗಂಡನ ಕೈಗೆ ತಣ್ಣನೆಯ ಶರಬತ್ತು ಬೇರೆ ತಂದುಕೊಟ್ಟಳು. ಆ ಸಂಜೆ ಅವನು ನನ್ನ ಪಕ್ಕ ಬಂದು ಕೂತು, "ಅಮ್ಮಾ, ಈ ಮನೆ ನಾನಿಲ್ಲದೇನೇ ಚೆನ್ನಾಗಿ ನಡೀತಿದೆ. ನಂಗಿಲ್ಲಿ ಏನೂ ಕೆಲಸ ಇಲ್ಲ. ಸೆಬು ಪಟ್ಟಣದ ಏಜೆಂಟು ಫೋನ್ ಮಾಡಿದ್ದ, ಇನ್ನೆರಡು ವರ್ಷ ಹೋಗಿ ಬಾ ಅಂತಾನೆ. ಮೇ ಒಂಬತ್ತನೇ ತಾರೀಕು ಶನಿವಾರ ಕರಾರಿಗೆ ಸಹಿ," ಎಂದ. ಅವನಿಗೆ ಐವತ್ತೊಂದು, ನನಗೆ ಎಪ್ಪತ್ತೆಂಟು. ಇನ್ನೆರಡು ವರ್ಷ ಅಂದರೆ ಏನೆಂದು ನಿನಗೆ ಬಿಡಿಸಿ ಹೇಳಬೇಕೇ? ಎಡ್ನಾಳಿಗೂ ಹೇಳಿದ್ದನಂತೆ. ಅವಳು ಅಂದದ್ದು ಇಷ್ಟೇ: "ನಿನ್ನಿಷ್ಟ." ಗಟ್ಟಿ ಹೆಂಗಸು, ಬೇಡ ಎನ್ನುವುದಕ್ಕೆ ಅವಳಿಗೆ ನಾಚಿಕೆ. ಹಿತ್ತಲಿಗೆ ಹೋಗಿ ನಾಯಿಯನ್ನು ಬೈದಳು.

ಈಗ ಕೇಳು. ಹೋದ ಮಂಗಳವಾರ ನಿನ್ನ ಅಣ್ಣ ಎಲ್ಲರಿಗಿಂತ ಮುಂಚೆ ಎದ್ದಿದ್ದಾನೆ. ಎಡ್ನಾ ಹಿಂದಿನ ದಿನವೇ ಮೂರು ದೊಡ್ಡ ಬೋಗುಣಿ ಮೀನು ಸೀಳಿ, ಉಪ್ಪುನೀರಿಗೆ ಹಾಕಿ ಮುಚ್ಚಿಟ್ಟಿದ್ದಳು, ಬೆಳಿಗ್ಗೆ ಬಿದಿರು ತಟ್ಟಿಯ ಮೇಲೆ ಒಣಗಿಸಲಿಕ್ಕೆ. ಹೆಂಡತಿಗೆ ಸಹಾಯವಾಗಲಿ ಎಂದು ಈ ಮಹಾರಾಯ ಇದ್ದಬದ್ದ ಉಪ್ಪನ್ನೆಲ್ಲ ಮತ್ತೆ ಅದಕ್ಕೇ ಸುರಿದು, ಚೆನ್ನಾಗಿ ಕಲಸಿ, ನೆಮ್ಮದಿಯಾಗಿ ಕಾಫಿ ಕುಡಿಯುತ್ತ ಕೂತಿದ್ದಾನೆ! ಒಣಮೀನಿಗೇ ಹೆಸರಾದ ಬಂತಾಯನಿನಲ್ಲಿ ಹುಟ್ಟಿದ ಗಂಡಸು! ಎಡ್ನಾ ಬಂದಳು, ಬೆರಳದ್ದಿ ನಾಲಿಗೆಗಿಟ್ಟಳು, ತಿರುಗಿದಳು. ತೆರೆಸಿಟಾ, ಆ ಬೈಗುಳ ನೀನು ಕೇಳಬೇಕಿತ್ತು.

"ಅಯ್ಯೋ ನಿನ್ನ ತಲೆಗಿಷ್ಟು! ಉಪ್ಪು ಬಿದ್ದಿದೆಯೋ ಇಲ್ವೋ ಅಂತ ಒಂಚೂರು ನೆಕ್ಕಿ ನೋಡೋಕೆ ಏನಾಗಿತ್ತು ನಿಂಗೆ? ಮರಳುಗಾಡಿನಲ್ಲಿ ನಾಲಿಗೇನೂ ಒಣಗಿಹೋಯ್ತಾ? ಇದನ್ನ ಯಾರಿಗೆ ಮಾರಲಿ, ಸಮುದ್ರಕ್ಕಾ? ನಗಬೇಡ! ಕೂತ್ಕೋ ಕೆಳಗೆ. ಎಲ್ಲಾನೂ ಮೂರು ನೀರಲ್ಲಿ ತೊಳಿ. ತೊಳೆದು ಮುಗಿಯೋವರೆಗೂ ಅನ್ನ ಇಲ್ಲ, ಹೇಳಿದೀನಿ!"

ನಾನು ಜಪಮಾಲೆ ಹಿಡಿದುಕೊಂಡುಬಿಟ್ಟೆ. ಮುಗಿಯಿತು, ಈ ಹೊತ್ತೇ ದೋಣಿ ಹತ್ತುತ್ತಾನೆ ಅಂದುಕೊಂಡೆ. ಇವನು ಅಂಗಿ ಬಿಚ್ಚಿ, ನೆಲದ ಮೇಲೆ ಕೂತು, ತೊಳೆಯಲು ಶುರುಮಾಡಿದ. ಮಧ್ಯಾಹ್ನದವರೆಗೂ ತೊಳೆದ. ಎಡ್ನಾ ಮಧ್ಯೆ ಮಧ್ಯೆ ಬಂದು, "ಅದೇನು ಮಗುವಿಗೆ ಸ್ನಾನ ಮಾಡಿಸ್ತಿದೀಯಾ? ಬೇಗ ಬೇಗ!" ಎಂದು ಗದರಿ ಹೋಗುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದ. ಬೆರಳೆಲ್ಲ ಬಿಳಿಚಿ ಸುಕ್ಕಾಗಿದ್ದವು, ಮುಖ ಮಾತ್ರ ಅರಳಿತ್ತು. "ಅಮ್ಮಾ, ನೋಡಿದ್ಯಾ? ಹೆಂಗೆ ಬೈದಳು!" ಎಂದ. ನನಗೆ ಅಳು ಬಂತು, ನಗುವೂ ಬಂತು. ಅಷ್ಟು ವರ್ಷಗಳಲ್ಲಿ ಅವನಿಗೆ ಈ ಮನೆಯಲ್ಲಿ ಯಾರೂ ಒಂದು ಮಾತು ಬೈದಿರಲಿಲ್ಲ, ಮೂವತ್ತು ದಿನಕ್ಕೆ ಬಂದವನನ್ನು ಯಾರು ಬೈಯುತ್ತಾರೆ? ಆ ಮೀನು ಅರ್ಧಕ್ಕರ್ಧ ಹಾಳಾಯಿತು, ಹಾಳಾಗಲಿ. ಮೇರಿ ತಾಯಿ ನನ್ನ ಮೊರೆ ಕೇಳಿದಳು.

ಮಾರನೇ ದಿನ ಯಾರನ್ನೂ ಕೇಳದೆ ಪಂಪು ಬಿಚ್ಚಿದ. "ಇದನ್ನ ಜೋಡಿಸಿದ್ದು ಯಾರು, ಮೇಕೆನಾ?" ಎಂದು ಬೇಲಿಯಾಚೆಗೆ ಕೇಳುವ ಹಾಗೆ ಕೂಗಿದ. ಕುಲಾಸ, "ದುಡ್ಡಿಲ್ಲದೆ ಮಾಡಿದ ಕೆಲಸಕ್ಕೆ ಮೇಕೆ ಸಾಕು ಬಿಡಪ್ಪಾ," ಎಂದ. ಮೊನ್ನೆ ಶನಿವಾರ ಏಜೆಂಟಿನ ಫೋನು ಬಂದಾಗ ಇವನು ಮೀನು ಸೀಳುತ್ತಿದ್ದ. "ಇಲ್ಲಪ್ಪ, ನಂಗೆ ಬರೋಕಾಗಲ್ಲ. ನನ್ನ ಹೆಂಡ್ತಿ ರಜೆ ಕೊಡಲ್ಲ," ಎಂದು ಫೋನು ಇಟ್ಟ. ಎಡ್ನಾ ತಲೆ ಎತ್ತಲಿಲ್ಲ. "ಸಣ್ಣಗೆ ಸೀಳು," ಎಂದಳು, ಅಷ್ಟೇ. ಆದರೆ ಅವಳ ಕಿವಿ ಕೆಂಪಾದದ್ದನ್ನು ಈ ಮಬ್ಬುಗಣ್ಣಿನಿಂದಲೇ ನೋಡಿದೆ. ಆ ದಿನ ಮಧ್ಯಾಹ್ನ ನನಗೆ ಎಂಥಾ ನಿದ್ದೆ ಬಂತು ಗೊತ್ತೇ! ಏಳು ವಾರದ ನಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾನುವಾರ ಪೂಜೆ ತಪ್ಪಿಸಬೇಡ. ಆಶೀರ್ವಾದಕ್ಕೆ ನಿನ್ನ ಹಣೆಗೆ ನನ್ನ ಕೈಬೆನ್ನು ಮುಟ್ಟಿಸಿದ್ದೇನೆ ಎಂದುಕೋ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಕೊನ್ಸೋರ್ಸಿಯಾ

ಮತ್ತೆ, ಬುಧವಾರ: ಕುಲಾಸನ ಮಗಳು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಹೇಳುತ್ತೇನೆ, ಯಾರಿಗೂ ಬಾಯಿ ಬಿಡಬೇಡ. ಏಜೆಂಟಿನ ವಿಷಯ ತಿಳಿದ ದಿನವೇ ನಾನು ಫೆಲಿಮೋನನ ಪಾಸ್‌ಪೋರ್ಟ್ ಕದ್ದು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದೆ. ಪಾಪವೇ ಸರಿ, ಪಾದ್ರಿಗಳಿಗೂ ಹೇಳಿಲ್ಲ. ಇನ್ನು ಭಯವಿಲ್ಲವಲ್ಲ, ಹಿಂದಕ್ಕಿಡೋಣ ಎಂದು ಇವತ್ತು ಬೆಳಿಗ್ಗೆ ಡಬ್ಬಕ್ಕೆ ಕೈ ಹಾಕಿದ್ದೆ. ಹಿಂದಿನಿಂದ ಎಡ್ನಾ ಬಂದು ನನ್ನ ಮಣಿಕಟ್ಟು ಹಿಡಿದಳು. ದಿನಾ ಅಕ್ಕಿ ಅಳೆಯುವವಳು, ಅವಳಿಗೆ ಮೊದಲೇ ಗೊತ್ತಿತ್ತು. "ಅತ್ತೆ," ಎಂದಳು, "ಇನ್ನೊಂದಿಷ್ಟು ದಿನ ಅಲ್ಲೇ ಇರಲಿ."