ಏಳನೆಯ ಕ್ಯಾಪ್

ಮಾರ್ಚ್ 4, ಸೋಮವಾರ

ಬೆಳಿಗ್ಗೆ ಗಮನಿಸಿದ್ದು: ಎಂಜಿನ್ ಜೋಡಿಸುವ ವಯಸ್ಸಾದ ಮೇಸ್ತ್ರಿ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಸ್ಪ್ಯಾನರ್ ಹಿಡಿದರೆ ನಡುಕವೇ ಇಲ್ಲ.

ದೊಡ್ಡಪ್ಪನ ವರ್ಕ್‌ಷಾಪಿನಲ್ಲಿ ನನ್ನದು ಬಿರುಕು ಹುಡುಕುವ ಕೆಲಸ. ಸಾಹಿತ್ಯದ ಎಂ.ಎ.ಗೆ ಸಿಕ್ಕಿದ್ದು ಇದು! ಇವತ್ತು ಬಸ್ ಎಂಜಿನಿನ ಏಳು ಬೇರಿಂಗ್ ಕ್ಯಾಪ್ — ಎಂಜಿನಿನೊಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹಿಡಿದಿಡುವ, ಅಂಗೈ ಅಗಲದ ಎರಕದ ಕಬ್ಬಿಣ. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಚಾಕ್ ಪುಡಿ ಹಚ್ಚಿ ಅರ್ಧ ಗಂಟೆ ಕಾಯಬೇಕು. ಬಿರುಕಿದ್ದರೆ ಎಣ್ಣೆ ಒಸರಿ ಪುಡಿಯ ಮೇಲೆ ಗೆರೆ ಮೂಡುತ್ತದೆ.

ಆರು ಮುಗಿದವು. ಏಳನೆಯದಕ್ಕೆ ಪುಡಿ ಹಚ್ಚುವಾಗ ಬಸ್ಸಿನ ಡ್ರೈವರ್ ಬಂದು ನಿಂತ.

“ಏನಮ್ಮಾ, ಕಬ್ಬಿಣಕ್ಕೆ ಪೌಡರ್ ಹಚ್ತಿದ್ದೀರಾ? ಯಾವತ್ತು ಮದುವೆ?”

ಇಡೀ ಷೆಡ್ಡು ನಕ್ಕಿತು. ನನ್ನ ಮುಖ ಬೆಂಕಿ. ಐದೇ ನಿಮಿಷಕ್ಕೆ ಒರೆಸಿಬಿಟ್ಟೆ. ರಿಪೋರ್ಟಿನಲ್ಲಿ ಗುಂಡಗೆ ಬರೆದೆ: ಏಳೂ ಸರಿ.

ಮಾರ್ಚ್ 19, ಮಂಗಳವಾರ

ಅದೇ ಬಸ್ಸು ಸೇತುವೆಯ ಮೇಲೆ ನಿಂತುಹೋಯಿತಂತೆ. ಯಾರಿಗೂ ಏನೂ ಆಗಿಲ್ಲ. ಎಂಜಿನ್ ಮಾತ್ರ ಪೂರಾ ಹೋಯಿತು. ಏಳನೆಯ ಕ್ಯಾಪ್ ಎರಡು ತುಂಡು.

“ಬೋಲ್ಟ್ ಅತಿ ಬಿಗಿ ಮಾಡಿದ್ದೀರಿ, ಮೇಸ್ತ್ರಿ. ಕೈ ಹತೋಟಿ ತಪ್ಪಿದೆ,” ಎಂದರು ದೊಡ್ಡಪ್ಪ, ಎಲ್ಲರ ಮುಂದೆ. “ಶನಿವಾರದವರೆಗೆ ಬನ್ನಿ. ಆಮೇಲೆ ಮನೇಲಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರಿ.”

ಮೇಸ್ತ್ರಿ ತಲೆ ತಗ್ಗಿಸಿದರು. ನಾನೂ.

ಮಾರ್ಚ್ 20

ಯಾರೂ ಇಲ್ಲದಾಗ ತುಂಡುಗಳನ್ನು ನೋಡಿದೆ. ಮುರಿದ ಮುಖದಲ್ಲಿ ಉಗುರಿನಷ್ಟು ಜಾಗ ಕಪ್ಪು, ವರ್ಷಗಳ ಎಣ್ಣೆ ಕುಡಿದದ್ದು. ಉಳಿದದ್ದು ತಿಳಿ ಬೂದು, ನಿನ್ನೆ ಮುರಿದದ್ದು. ಅಂದರೆ ಬಿರುಕು ಹಳೆಯದು. ದಿನವೂ ಹೊಡೆತ ತಿಂದು ತಿಂದು ಬೆಳೆದದ್ದು. ಮೇಸ್ತ್ರಿ ಬೋಲ್ಟ್ ಮುಟ್ಟುವ ಮೊದಲೇ ಇತ್ತು... ನನ್ನ ಕೈಯಲ್ಲಿದ್ದಾಗಲೇ ಇತ್ತು.

ಹಿಂದೆ ಮೇಸ್ತ್ರಿ ನಿಂತಿದ್ದರು.

“ನೋಡಿದ್ಯಾ? ಸರಿ, ಗುಜರಿಗೆ ಹಾಕ್ಬಿಡು ಮಗಳೇ.”

“ನಿಮಗೆ ಗೊತ್ತಿತ್ತಾ?”

“ನಿನ್ನೆ ತುಂಡು ನೋಡಿದಾಗಲೇ ತಿಳೀತು. ಮುದುಕನ ಕೈ ತಪ್ಪಿತು ಅಂದ್ರೆ ಎಲ್ಲರೂ ನಂಬ್ತಾರೆ. ನೀನು ಈಗ ತಾನೇ ಬಂದವಳು.”

ಥ್ಯಾಂಕ್ಸ್ ಅಂದೆ. ಥೂ... ಥ್ಯಾಂಕ್ಸ್ ಅಂದೆ ನಾನು!

ಮಾರ್ಚ್ 22, ಶುಕ್ರವಾರ, ಸಂಜೆ 6

ಮೇಸ್ತ್ರಿ ತಮ್ಮ ಟೂಲ್‌ಬಾಕ್ಸ್ ತೊಳೆದು ಬಿಸಿಲಿಗಿಟ್ಟಿದ್ದರು. ಮೂವತ್ತು ವರ್ಷದಲ್ಲಿ ಮೊದಲ ಸಲವಂತೆ. ನಾನು ಮಧ್ಯಾಹ್ನದ ಊಟ ಹಾಗೇ ಮನೆಗೆ ವಾಪಸ್ ತಂದೆ. ಜ್ವರವೇ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಗುಜರಿ ಡ್ರಮ್ಮಿನಿಂದ ತುಂಡುಗಳನ್ನು ತಂದಿದ್ದೇನೆ. ಬ್ಯಾಗಿನಲ್ಲಿವೆ. ದೊಡ್ಡಪ್ಪನ ಮನೆಗೆ ಹೋಗಿ ಮೆಲ್ಲಗೆ ಹೇಳಬಹುದು. ನಾಲ್ಕು ಬೈದು, ಮನೆಮಗಳೆಂದು ಮುಚ್ಚಿಹಾಕುತ್ತಾರೆ. ಮೇಸ್ತ್ರಿಯ ತಲೆ ತಗ್ಗಿದ್ದು ತಗ್ಗಿಯೇ ಇರುತ್ತದೆ. ಬೇಡ. ನಾಳೆ ಷೆಡ್ಡಿನಲ್ಲೇ, ಎಲ್ಲರೂ ಇರುವಾಗ, ‘ಸಾರ್’ ಎಂದೇ ಕರೆದು ಹೇಳುತ್ತೇನೆ. ಏಳನೆಯದನ್ನು ಐದೇ ನಿಮಿಷಕ್ಕೆ ಒರೆಸಿದ್ದು ನಾನು ಎಂದು; ಷೆಡ್ಡು ಮತ್ತೆ ನಕ್ಕರೆ ನಗಲಿ.